ಸೀಟಿನ ಕೆಳಗಿನ ಸುತಳಿ

ನನ್ನ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಎಂಜಿನ್ನು ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿದರೆ ಎಲ್ಲ ಕಾಣುತ್ತದೆ: ಹೊಗೆ ಹೊರಹೋಗುವ ಕಬ್ಬಿಣದ ಪೈಪು, ಅದರ ಮೇಲೆಯೇ ಹಾಯ್ದುಹೋಗುವ ಮೂರು ಪ್ಲಗ್ ವೈರು. ಪೈಪು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ವೈರುಗಳನ್ನು ದೂರ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪು ಎಂದೋ ಮುರಿದುಹೋಗಿತ್ತು. ಜೋತುಬಿದ್ದ ವೈರು ಪೈಪಿಗೆ ತಾಗಿ, ರಬ್ಬರು ಸುಟ್ಟು, ಕಿಡಿ ಪ್ಲಗ್ಗಿಗೆ ಹೋಗದೆ ಕಬ್ಬಿಣಕ್ಕೆ ಹಾರಿ, ಗಾಡಿ ಮುಗ್ಗರಿಸಿದಂತೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಇನ್ನೊಬ್ಬರಿಗಾದರೆ ಇದೊಂದು ಸಣ್ಣ ರಿಪೇರಿ. ನಾನು ಮಾತ್ರ ಮಂಗಳವಾರ ಮತ್ತು ಶುಕ್ರವಾರ ಅದೇ ಗಾಡಿಯಲ್ಲಿ ಅಕ್ಕನನ್ನು ಬ್ಯಾಡಗಿಯಿಂದ ಹಾವೇರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು.

ಅಕ್ಕ ಮೂವತ್ತು ವರ್ಷ ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಗುಣವಾಗುವ ಮಾತಿರಲಿಲ್ಲ, ಇರುವತನಕ ರಕ್ತ ತೊಳೆಸುತ್ತಿರಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅವಳ ಹಾಸಿಗೆ ಮುಂದಿನವರ ಪಾಲು. ಬಸ್ಸಿನಲ್ಲಿ ಹೋದರೆ ಬರುವಾಗ ಅವಳಿಗೆ ನಿಲ್ಲುವಷ್ಟೂ ಶಕ್ತಿ ಇರುತ್ತಿರಲಿಲ್ಲ.

ರಾಣೆಬೆನ್ನೂರಿನ ಮೇಸ್ತ್ರಿಯೊಬ್ಬ, ಬೆಂಕಿ ತಡೆಯುವ ಕೊಳವೆ ಸಿಗುತ್ತದೆ, ವೈರಿಗೆ ಹಾಕಿಸಿಬಿಡಿ ಎಂದಿದ್ದ. ನನಗೆ ಮೇಸ್ತ್ರಿಗಳ ಮಾತೆಂದರೆ ಮೊದಲಿನಿಂದಲೂ ಆಗದು. ಒಂದು ವೈರಿಗೆ ಬಟ್ಟೆ ಸುತ್ತಲು ಇವನೇ ಬೇಕೇ ಎಂದುಕೊಂಡು, ಮನೆಯಲ್ಲಿದ್ದ ಖಾಲಿ ಚೀಲ ಹರಿದು, ಗೋಣಿಯ ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿದೆ. ಅದು ಮೆಣಸಿನಕಾಯಿಯ ಚೀಲ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಬ್ಯಾಡಗಿಯಲ್ಲಿ ಚೀಲ ಎಂದರೆ ಅದೊಂದೇ. ಬೇರೆ ಚೀಲ ಇರುತ್ತದೆಂದು ನಮಗೆ ನೆನಪಾಗುವುದೇ ಇಲ್ಲ.

ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಗೋಣಿ ಕಾದು, ಎಳೆಎಳೆಯಲ್ಲಿ ಕೂತಿದ್ದ ಖಾರದ ಪುಡಿಯೆಲ್ಲ ಘಾಟಾಗಿ ಎದ್ದಿತು. ನನಗೆ ಕಣ್ಣು ಬಿಡಲಾಗದೆ ಗಾಡಿಯನ್ನು ಹೆದ್ದಾರಿಯ ಬದಿಗೆ ಎಳೆದು, ಕೆಳಗಿಳಿದು ಬಗ್ಗಿ ಕೆಮ್ಮಿದೆ. ಅಕ್ಕ ಸೀಟು ಬಿಟ್ಟು ಏಳಲಿಲ್ಲ. ಕೆಮ್ಮಲೂ ಇಲ್ಲ. ಮೂಗು ಎತ್ತಿ ಒಮ್ಮೆ ಉಸಿರೆಳೆದುಕೊಂಡಳು.

“ಇದು ನಮ್ಮ ಕಾಯಿ ಅಲ್ಲೋ ತಮ್ಮಾ, ಗುಂಟೂರಿಂದು. ನಮ್ಮದು ಬಣ್ಣ ಕೊಡತೈತಿ, ಇಷ್ಟು ಘಾಟ ಕೊಡಂಗಿಲ್ಲ” ಎಂದು ನಕ್ಕಳು. ಆ ವರ್ಷ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗೋಣಿ ಕಿತ್ತೆಸೆದು ಸುತಳಿಗೆ ಬಂದೆ. ವೈರನ್ನು ಮೇಲಕ್ಕೆತ್ತಿ ಪಕ್ಕದ ಕಬ್ಬಿಣದ ಕೊಂಡಿಗೆ ಕಟ್ಟಿದರೆ ಪೈಪಿಗೆ ಎರಡು ಬೆರಳು ದೂರ ನಿಲ್ಲುತ್ತಿತ್ತು. ಚೀಲದ ಬಾಯಿಗೆ ಹಾಕುವ ಗಂಟನ್ನೇ ಹಾಕಿದೆ. ಮಾರುಕಟ್ಟೆಗೆ ಬಂದ ವ್ಯಾಪಾರಿಗಳು ದಿನಕ್ಕೆ ಹತ್ತು ಸಲ ಚೀಲ ಬಿಚ್ಚಿಸಿ ಕಾಯಿ ಮುಟ್ಟಿ ನೋಡುತ್ತಾರೆ. ಹಾಗಾಗಿ ನಮ್ಮ ಗಂಟು ಎಷ್ಟು ಜಗ್ಗಿದರೂ ಸಡಿಲವಾಗದು, ಸಣ್ಣ ತುದಿ ಹಿಡಿದು ಎಳೆದರೆ ಮಾತ್ರ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ನನಗೆ ಕಲಿಸಿದವಳು ಅಕ್ಕನೇ.

ಆದರೂ ವೈರು ಬೀಳುತ್ತಿತ್ತು. ಸುತಳಿ ಕಾವಿಗೆ ಸುಟ್ಟುಹೋಯಿತೆಂದುಕೊಂಡು ಪ್ರತಿ ಸಲವೂ ಹೊಸದು ಕಟ್ಟುತ್ತಿದ್ದೆ. ಎರಡು ಸಲ ಕುಂಟುತ್ತ ಹೇಗೋ ಹಾವೇರಿ ಮುಟ್ಟಿದೆವು. ಮೂರನೆಯ ಸಲ ಗಾಡಿ ಏರು ಹತ್ತಲೇ ಇಲ್ಲ. ಎಂಜಿನ್ನು ಆರಲು ಬಿಟ್ಟು, ತಳ್ಳಿಸಿ ಹತ್ತಿಸಿ ಆಸ್ಪತ್ರೆ ತಲುಪಿದಾಗ ಅವಳ ಹಾಸಿಗೆಯಲ್ಲಿ ಬೇರೊಬ್ಬರು ಮಲಗಿದ್ದರು. ನಾಳೆ ಬನ್ನಿ ಎಂದು ಕಳಿಸಿದರು. ನಾನು ರಸ್ತೆಯ ಹಂಪುಗಳನ್ನು ಬೈದೆ, ಕ್ಲಿಪ್ಪು ಮಾಡಿದವರನ್ನು ಬೈದೆ. ಅಕ್ಕ ಮಾತ್ರ ಶಾಲೆಗೆ ರಜೆ ಸಿಕ್ಕ ಹುಡುಗಿಯಂತೆ ಹಗುರಾಗಿದ್ದಳು. ಮೋಟೆಬೆನ್ನೂರಿನಲ್ಲಿ ಗಾಡಿ ನಿಲ್ಲಿಸಲು ಹೇಳಿ ಮಂಡಕ್ಕಿ, ಮಿರ್ಚಿ ತಿಂದಳು. ಉಪ್ಪು ಮುಟ್ಟಬಾರದು ಎಂದು ನೆನಪಿಸಲು ನನಗೆ ಬಾಯಿ ಬರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಮುಖ, ಕಾಲು ಊದಿಕೊಂಡು, ಗೋಡೆಗೆ ಒರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಬಾಡಿಗೆ ಕಾರಿನಲ್ಲಿ ಒಯ್ದೆ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ನರ್ಸಮ್ಮ ನನ್ನನ್ನೇ ಗದರಿದಳು.

ಮನೆಗೆ ಬಂದು ಸೀಟು ಎತ್ತಿ ನೋಡಿದೆ. ಸುತಳಿ ಸುಟ್ಟಿದ್ದರೆ ಕೊಂಡಿಯಲ್ಲಿ ಕರಿಯ ತುಂಡಾದರೂ ಉಳಿಯಬೇಕಿತ್ತು. ಏನೂ ಇರಲಿಲ್ಲ. ಯಾರೋ ಗಂಟು ಬಿಚ್ಚಿ ಸುತಳಿಯನ್ನು ತೆಗೆದುಕೊಂಡು ಹೋಗಿದ್ದರು. ಹೊರಡುವ ದಿನ ನಾನು ಅವಳ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಸೀಟು ಎತ್ತಿ ಎಂಜಿನ್ನು ನೋಡಿ, ಹಾಗೇ ಬಿಟ್ಟು ಕೈ ತೊಳೆಯಲು ಒಳಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಅಕ್ಕ ಹೊರಗೆ ಬಂದು ಗಾಡಿಯ ಪಕ್ಕ ನಿಂತಿರುತ್ತಿದ್ದಳು.

ನನಗೆ ಸಿಟ್ಟು ಬರಬೇಕಿತ್ತು. ನನ್ನದು ಮೂಗಿನ ತುದಿಯ ಸಿಟ್ಟು ಎಂದು ಓಣಿಗೆಲ್ಲ ಗೊತ್ತು. ಅವತ್ತು ಮಾತ್ರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ. ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದಳು. ಗೋಡೆಗೆ ಒರಗಿ ಒದ್ದಾಡುತ್ತಿದ್ದ ಅವಳ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ರಾಣೆಬೆನ್ನೂರಿಗೆ ಹೋಗಿ ಅದೇ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವನು ಹೊಸ ವೈರು ಹಾಕಿ, ಪ್ರತಿಯೊಂದಕ್ಕೂ ಬಿಳಿಯ ಕೊಳವೆ ತೊಡಿಸಿ, ಉಕ್ಕಿನ ಪಟ್ಟಿಯಿಂದ ಬಿಗಿದ. ಸ್ಪ್ಯಾನರ್ ಇಲ್ಲದೆ ಯಾರಿಗೂ ಅದನ್ನು ಬಿಚ್ಚಲಾಗದು.

ಶುಕ್ರವಾರ ಸೀಟು ಎತ್ತಿಟ್ಟು ಕೈ ತೊಳೆಯಲು ಹೋದೆ. ಬೇಕೆಂದೇ ಹೋದೆ. ಹೊರಗೆ ಬಂದಾಗ ಅಕ್ಕ ಬಗ್ಗಿ ಆ ಬಿಳಿಯ ಕೊಳವೆಗಳನ್ನು ನೋಡುತ್ತಿದ್ದಳು.

“ಇನ್ನ ಗಾಡಿ ಕೆಡಂಗಿಲ್ಲನು?” ಎಂದಳು.

“ಇಲ್ಲಕ್ಕ, ಇನ್ನ ಕೆಡಂಗಿಲ್ಲ.”

ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಮೂರು ತುಂಡು ಸುತಳಿ ತೆಗೆದು ನನ್ನ ಕೈಯಲ್ಲಿಟ್ಟಳು. “ಹಂಗಾರ ಇವನ್ನ ನೀನ ಇಟ್ಕೋ” ಎಂದು ಹೇಳಿ, ಸೀಟನ್ನು ತಾನೇ ಕೆಳಗಿಳಿಸಿ, ಹತ್ತಿ ಕೂತಳು.

ಆ ಗಾಡಿ ಅಷ್ಟು ನೆಟ್ಟಗೆ ಎಂದೂ ಓಡಿರಲಿಲ್ಲ. ಹಾವೇರಿ ಬರುವತನಕ ಒಂದು ಸಲವಾದರೂ ಮಿಸ್ಸಿಂಗ್ ಹೊಡೆಯಲಿ ಎಂದು ನಾನು ಕಿವಿಗೊಟ್ಟು ಕಾಯುತ್ತಿದ್ದೆ.