ನ್ಯೆಪಿಯ ದಿನ ಆರಿದ ಪೆಟ್ಟಿಗೆ

ನನ್ನ ಭಾವ, ಗಂಡನ ಅಣ್ಣ ನೆಂಗಾ ಸುಧರ್ಮ, ಹೋಟೆಲೊಂದರಲ್ಲಿ ಏಸಿ ರಿಪೇರಿ ಮಾಡುತ್ತಾರೆ. ಮಾತು ಕಮ್ಮಿ. ಯಾವುದನ್ನೂ ಎಸೆಯಲು ಅವರಿಗೆ ಮನಸ್ಸಾಗದು. ಬಿಚ್ಚಿದ ಸ್ಕ್ರೂಗಳೆಲ್ಲ ತೆಂಗಿನ ಕರಟದಲ್ಲಿರುತ್ತವೆ. ಹೋಟೆಲಿನವರು ಬೇಡವೆಂದ ಹಳೆಯ ಕಂಪ್ಯೂಟರನ್ನು ಸ್ಕೂಟರಿನ ಮೇಲೆ ಹೊತ್ತು ತಂದು, ಎರಡು ಡಿಸ್ಕ್ ಹಾಕಿ ಮನೆಯವರ ಫೋಟೋ, ವಿಡಿಯೋ ಕೂಡಿಡಲು ಒಂದು ಸರ್ವರ್ ಪೆಟ್ಟಿಗೆ ಮಾಡಿಕೊಟ್ಟರು. ಒಂದರಲ್ಲಿ ಉಳಿಸಿದ್ದು ಇನ್ನೊಂದರಲ್ಲೂ ತಾನಾಗಿ ಉಳಿಯುತ್ತಿತ್ತು. "ಒಂದು ಸತ್ರೆ ಇನ್ನೊಂದು ಇರತ್ತೆ, ಅಣ್ಣ ತಮ್ಮನ ಹಾಗೆ," ಎಂದಿದ್ದರು. ಕಬ್ಬಿಣದ ಸಾಮಾನಿಗೆ ಪೂಜೆ ಮಾಡುವ ದಿನ ಸ್ಕೂಟರಿಗೆ ಇಟ್ಟಂತೆ ಅದರ ತಲೆಗೂ ಹೂವಿಡುತ್ತಿದ್ದರು.

ನನ್ನ ಗಂಡ ಕೊಮಾಂಗ್ ಹಡಗಿನಲ್ಲಿ ಅಡುಗೆಯವನು. ಮಗಳು ಸಸ್ಮಿತಾ ಹುಟ್ಟಿದ ಮೇಲೆ ಊರಿಗೆ ಬಂದಿಲ್ಲ. ಶಾಸ್ತ್ರ ಮಾಡಿ ಅವಳ ಪಾದವನ್ನು ಮೊದಲ ಸಲ ನೆಲಕ್ಕೆ ಮುಟ್ಟಿಸಿದ್ದು, ಅವಳು ಗೋಡೆ ಹಿಡಿದು ನಿಂತದ್ದು, ಎಲ್ಲವನ್ನೂ ಫೋನಿನಲ್ಲಿ ಹಿಡಿದು ಆ ಪೆಟ್ಟಿಗೆಗೆ ತುಂಬುತ್ತಿದ್ದೆ. ಫೋನ್ ತುಂಬಿದಾಗ ಅದರಿಂದ ಅಳಿಸುತ್ತಿದ್ದೆ. ಅವನು ಬಂದು ನೋಡಬೇಕಾದ ಮಗು ಆ ಪೆಟ್ಟಿಗೆಯಲ್ಲಿ ಮಾತ್ರ ಇತ್ತು.

ನ್ಯೆಪಿ ಎಂಬ ಮೌನದ ಹಬ್ಬದ ಹಿಂದಿನ ಸಂಜೆ ಒಂದು ಡಿಸ್ಕ್ ಕೆಟ್ಟಿತು. ತಂದಿಟ್ಟಿದ್ದ ಹೊಸದನ್ನು ಭಾವ ಹಾಕಿದರು; ಉಳಿದ ಹಳೆಯದರಿಂದ ಎಲ್ಲವೂ ಹೊಸದಕ್ಕೆ ನಕಲಾಗತೊಡಗಿತು. ಮಾರನೆಯ ದಿನ ದ್ವೀಪವೆಲ್ಲ ದೀಪ ಆರಿಸಿ, ಬೀದಿಗಿಳಿಯದೆ ಕೂರಬೇಕು; ಇಲ್ಲಿ ಯಾರೂ ಇಲ್ಲವೆಂದುಕೊಂಡು ಭೂತಗಳು ದಾಟಿ ಹೋಗಲಿ ಎಂದು.

"ಇದೂ ಯಾವಾಗ ಕೈ ಕೊಡತ್ತೋ, ನಿಲ್ಸೋದು ಬೇಡ," ಎಂದು ಮಿಣುಕುವ ದೀಪದ ಮೇಲೆ ಕಪ್ಪು ಬಟ್ಟೆ ಹೊದಿಸಿ, ಆ ರಾತ್ರಿ ಮೆರವಣಿಗೆ ಮಾಡುವ ಭೂತದ ಬೊಂಬೆ ಹೊರಲು ಭಾವ ಬೀದಿಗೆ ಹೋದರು.

ಬೆಳಗ್ಗೆ ಎದ್ದರೆ ಪೆಟ್ಟಿಗೆಯ ಗುಂಯ್ ಸದ್ದಿಲ್ಲ.

"ಅತ್ತೆ, ಮೇನ್ ಸ್ವಿಚ್ ನೀವು ಇಳಿಸಿದ್ರಾ?"

"ಪ್ರತಿ ವರ್ಷ ಇಳಿಸೋದು ಯಾರು? ಮೆಲ್ಲಗೆ ಮಾತಾಡು."

"ಪೆಟ್ಟಿಗೆ ಓಡ್ತಾ ಇತ್ತು, ಅತ್ತೆ. ನಕಲು ಮಧ್ಯದಲ್ಲೇ ನಿಂತ್ರೆ ಎಲ್ಲ ಹೋಗ್ಬಹುದು."

ಅವರು ಬಟ್ಟೆ ಎತ್ತಿ ನೋಡಿದರು. "ಭೂತಗಳಿಗೆ ಕಾಣಬಾರ್ದು ಅಂತ ಮುಸುಕು ಹಾಕಿದ್ನಾ ನನ್ನ ಮಗ? ಅವಕ್ಕೇ ಕಾಣ್ದಿದ್ದು ನಂಗೆ ಹೇಗಮ್ಮ ಕಾಣತ್ತೆ?"

"ಈಗ ಮತ್ತೆ ಹಾಕಿದ್ರೆ..."

"ನಾಳೆ ಬೆಳಗಾಗೋ ತನಕ ಅದನ್ನ ಮುಟ್ಟೋ ಹಾಗಿಲ್ಲ."

ಅಂಗಳ ದಾಟಿ ಭಾವನ ಜಗಲಿಗೆ ಓಡಿದೆ. ಮಾವ ತೀರಿಕೊಂಡ ವರ್ಷದಿಂದ ನ್ಯೆಪಿಯಂದು ಅವರು ತುಟಿ ಬಿಚ್ಚುವುದಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರ ಮುಖದ ಬಣ್ಣ ಇಳಿಯಿತು. ನನಗೆ ಅಷ್ಟೇ ಸಾಕಾಯಿತು.

ಆ ದಿನ ನಾನು ಕೂತಲ್ಲಿ ಕೂರಲಿಲ್ಲ. ಸಸ್ಮಿತಾ ಅಂಬೆಗಾಲಿಟ್ಟು ಬಂದಾಗಲೆಲ್ಲ ಅದೇ ಯೋಚನೆ: ಹೋದ ತಿಂಗಳ ಇವಳು ಎಲ್ಲಿ, ಅದರ ಹಿಂದಿನ ತಿಂಗಳ ಇವಳು ಎಲ್ಲಿ? ಕೊಮಾಂಗ್ ಕೇಳಿದರೆ ಏನು ತೋರಿಸಲಿ? ಕತ್ತಲ ಮೂಲೆಯಲ್ಲಿ ಆ ಪೆಟ್ಟಿಗೆ ಹೆಣದ ಹಾಗೆ ಮುಸುಕು ಹೊದ್ದಿತ್ತು. ಎದೆಹಾಲು ಇಳಿಯಲಿಲ್ಲ, ಮಗು ಅತ್ತಿತು, ಅಳುವ ಸದ್ದು ಬೀದಿಗೆ ಕೇಳೀತೆಂದು ಅದಕ್ಕೂ ಹೆದರಿದೆ.

ಮಧ್ಯಾಹ್ನ ಭಾವ ಬಂದು ಮೆಟ್ಟಿಲ ಬಳಿ ನಿಂತರು. ಒಣಗಿದ ದನಿಯಲ್ಲಿ ಹೇಳಿದರು: "ಹಳೇ ಡಿಸ್ಕ್ ಬರೀತಾ ಇರ್ಲಿಲ್ಲ, ಓದಿ ಕೊಡ್ತಾ ಇತ್ತು ಅಷ್ಟೆ. ಅದರಲ್ಲಿರೋದಕ್ಕೆ ಏನೂ ಆಗಿರಲ್ಲ. ಮಗೂಗೆ ಹಾಲು ಕೊಡು, ತಾಯಿ."

ಅತ್ತೆ ಕೇಳಿಸದವರಂತೆ ಗೋಡೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಹಾಲು ಇಳಿಯಿತು.

ಮರುದಿನ ಬೆಳಗ್ಗೆ ಅತ್ತೆಯೇ ಸ್ವಿಚ್ ಎತ್ತಿದರು. ಡಿಸ್ಕ್ ಟಿಕ್ ಟಿಕ್ ಎಂದಿತು, ನಿಂತಿತು, ಮತ್ತೆ ಎಂದಿತು. ಪರದೆ ಕಪ್ಪಾಗಿಯೇ ಇತ್ತು. ಭಾವ ಮಂಡಿಯ ಮೇಲೆ ಕೈಯೂರಿ ಕೂತಿದ್ದರು. ಆಮೇಲೆ ಹೆಸರುಗಳು ಒಂದೊಂದಾಗಿ ಮೂಡಿದವು. ಒಂದನ್ನು ಒತ್ತಿದೆ. ಪರದೆಯ ಮೇಲೆ, ಅತ್ತೆಯ ಕೈಯಲ್ಲಿದ್ದ ಸಸ್ಮಿತಾಳ ಪುಟ್ಟ ಪಾದ ನೆಲ ಮುಟ್ಟಿತು.

"ಏನೂ ಆಗಿರಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವಾ, ಭಾವ?"

ಅವರು ಕರಟದಲ್ಲಿ ಸ್ಕ್ರೂ ಹುಡುಕುತ್ತಿದ್ದರು. "ಇಲ್ಲ," ಅಂದರು. "ಒಂದೇ ಪೆಟ್ಟಿಗೇಲಿದ್ರೆ ಎರಡು ಡಿಸ್ಕೂ ಒಂದೇ ಲೆಕ್ಕ. ಕರೆಂಟ್ ಹೋದ್ರೂ ಓಡಿಸೋ ಬ್ಯಾಟರಿ ತರದೆ ದುಡ್ಡು ಉಳಿಸ್ದೆ ನೋಡು, ಅದಕ್ಕೇ ಹೀಗಾಯ್ತು."

ನ್ಯೆಪಿಯ ಮರುದಿನ ನೆಂಟರ ಮನೆಗೆ ಹೋಗಿ ಕ್ಷಮೆ ಕೇಳುವುದು ವಾಡಿಕೆ. ಭಾವ ಎಲ್ಲವನ್ನೂ ಮತ್ತೊಂದು ಡಿಸ್ಕಿಗೆ ಇಳಿಸಿ, ಮಗುವಿನ ಹಳೆಯ ಅಂಗಿಯಲ್ಲಿ ಸುತ್ತಿ, ಬೆಟ್ಟದಾಚೆ ಇರುವ ತಮ್ಮ ತಂಗಿಯ ಮನೆಯಲ್ಲಿಡಲು ಹೊರಟರು. ತಿರುವುಗಳ ದಾರಿ. ಮುಟ್ಟಿದೆ ಎಂದು ಅವರು ಫೋನ್ ಮಾಡುವ ತನಕ ನಾನು ಒಲೆ ಹಚ್ಚಲಿಲ್ಲ.