ಹತ್ತದ ಮದ್ದು

ಮುಟ್ಟಳ್ಳಿಯ ಧನ್ಯಾ ಬೇಸಿಗೆ ರಜೆಯಲ್ಲಿ ರಾಕೆಟ್ ಕಲಿಸುವ ಕೆಲಸಕ್ಕೆ ಸೇರಿದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. "ಮಕ್ಕಳಿಗೆ ವಿಜ್ಞಾನ ಶಿಬಿರ ಮಾಡೂದು, ಆರು ವಾರ" ಎಂದಷ್ಟೇ ಹೇಳಿದ್ದಳು. ಅದೇನೂ ಸುಳ್ಳಲ್ಲ. ಹೊನ್ನಾವರದ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷದ ಪರೀಕ್ಷೆ ಮುಗಿಸಿದ್ದ ಅವಳನ್ನು ಕುಮಟಾದ ಸಣ್ಣ ಸಂಸ್ಥೆಯೊಂದು ಇಂಟರ್ನ್‌ಶಿಪ್‌ಗೆ ಆರಿಸಿಕೊಂಡಿತ್ತು. ಊರೂರಿನ ಹೈಸ್ಕೂಲು ಮಕ್ಕಳಿಂದ ರಟ್ಟಿನ ಕೊಳವೆ ಸುತ್ತಿಸಿ, ರೆಕ್ಕೆ ಅಂಟಿಸಿ, ಪ್ಲಾಸ್ಟಿಕ್ಕಿನ ಪ್ಯಾರಾಚೂಟ್ ಮಡಚಿಸಿ, ಕೊನೆಗೆ ಅದನ್ನು ಬಯಲಿನಲ್ಲಿ ಹಾರಿಸಿ ತೋರಿಸುವ ಕೆಲಸ. ರಾಕೆಟ್ಟಿನ ಬುಡದಲ್ಲಿ ಬೆರಳುದ್ದದ ಒಂದು ಮೋಟಾರು ಇರುತ್ತಿತ್ತು. ಕಾರ್ಖಾನೆಯಲ್ಲೇ ಮದ್ದು ತುಂಬಿ ಸೀಲು ಮಾಡಿದ್ದು.

ಆ ಮದ್ದಿನ ಮಾತನ್ನೇ ಅವಳು ಮನೆಯಲ್ಲಿ ಎತ್ತುವ ಹಾಗಿರಲಿಲ್ಲ.

ಅವಳ ಅಪ್ಪ ಮಾಬ್ಲೇಶ್ವರ ಒಂದು ಕಾಲಕ್ಕೆ ಸುತ್ತಲಿನ ಊರುಗಳಿಗೆಲ್ಲ ಗರ್ನಾಲು ಹೊಡೆಯುವವನಾಗಿದ್ದ. ಕಬ್ಬಿಣದ ಕೊಳವೆಗೆ ಮದ್ದು ಜಡಿದು, ಬತ್ತಿಗೆ ಬೆಂಕಿ ಕೊಟ್ಟು ದೊಡ್ಡ ಸದ್ದು ಮಾಡುವುದು. ಹನ್ನೊಂದು ವರ್ಷದ ಹಿಂದೆ ಮಾವಳ್ಳಿಯ ಒಂದು ಮದುವೆಯಲ್ಲಿ ಗರ್ನಾಲು ಮುಖಕ್ಕೇ ಸಿಡಿದು ಅವಳ ಅಣ್ಣ ನಿತ್ಯಾನಂದ ಸತ್ತಿದ್ದ. ಅವನಿಗೆ ಹತ್ತೊಂಬತ್ತು. ಹತ್ತದೇ ಉಳಿದಿದ್ದ ಗರ್ನಾಲನ್ನು ನೋಡಲು ಹುಡುಗ ತಾನಾಗಿಯೇ ಓಡಿಹೋದ ಎಂದು ಊರಿಗೆಲ್ಲ ಗೊತ್ತು. ಅಮ್ಮ ಮಾದೇವಿ ಅವನ ಫೋಟೋ ಒರೆಸುವಾಗಲೆಲ್ಲ ಬೈಯುವುದೂ ಅದನ್ನೇ. "ಎಂತ ಗಡಿಬಿಡಿ ಇತ್ತು ನಿಂಗೆ? ಅಪ್ಪನ ಮಾತು ಕೇಳೂಕೆ ಎಂತ ಆಗಿತ್ತು?" ಮಾಬ್ಲೇಶ್ವರ ಆ ದಿನದಿಂದ ಮದ್ದು ಮುಟ್ಟಲಿಲ್ಲ. ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗತೊಡಗಿದ. ದೀಪಾವಳಿಗೆ ಮನೆಯಲ್ಲಿ ಒಂದು ನಕ್ಷತ್ರಕಡ್ಡಿಯನ್ನೂ ಹಚ್ಚಲು ಬಿಡುತ್ತಿರಲಿಲ್ಲ.

ಮೂರನೇ ವಾರದ ಒಂದು ಸಂಜೆ ಧನ್ಯಾ ಹೊನ್ನಾವರದ ಹತ್ತಿರದ ಕಾಸರಕೋಡಿನ ಶಿಬಿರ ಮುಗಿಸಿ ಬಂದು ಚೀಲವನ್ನು ಜಗಲಿಯ ಮೇಲಿಟ್ಟು ಕಾಲು ತೊಳೆಯಲು ಹೋದಳು. ಮರಳಿ ಬಂದಾಗ ಅಪ್ಪ ಚೀಲದ ಮುಂದೆ ನಿಂತಿದ್ದ. ಸುಟ್ಟ ಮೋಟಾರಿನ ನಾಲ್ಕು ಖಾಲಿ ಚಿಪ್ಪುಗಳನ್ನು ಅವಳು ಮಕ್ಕಳಿಗೆ ತೋರಿಸಲೆಂದು ಅದರಲ್ಲಿ ಇಟ್ಟುಕೊಂಡಿದ್ದಳು. ಮದ್ದಿನ ವಾಸನೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಎಂತದು ಇದು?"

ಅವಳು ಎಲ್ಲ ಹೇಳಿದಳು. ಬೆಂಕಿಪೆಟ್ಟಿಗೆ ಇಲ್ಲ, ದೂರದಿಂದ ತಂತಿಯಲ್ಲಿ ಹೊತ್ತಿಸುವುದು, ಮದ್ದನ್ನು ಯಾರೂ ಮುಟ್ಟುವುದಿಲ್ಲ ಎಂದಳು. ಅಪ್ಪ ಬೈಯಲಿಲ್ಲ. ಅಂದು ಊಟಕ್ಕೂ ಏಳಲಿಲ್ಲ. ಆಮೇಲೆ ಎರಡು ವಾರ ಅವಳೊಡನೆ ಮಾತೇ ಆಡಲಿಲ್ಲ. ಬಿಟ್ಟುಬಿಡಲೇ ಎಂದು ಅವಳಿಗೂ ಎಷ್ಟೋ ಸಲ ಅನ್ನಿಸಿತು. ಆದರೆ ಬೆಳಿಗ್ಗೆ ಬಸ್ಸಿನ ಹೊತ್ತಾದಾಗ ಕಾಲು ತಾನಾಗಿಯೇ ಹೊರಡುತ್ತಿತ್ತು. ತಾವು ಮಾಡಿದ ರಾಕೆಟ್ ಮೇಲೆ ಹೋಗುವಾಗ ಮಕ್ಕಳು ಉಸಿರು ಬಿಡುವುದನ್ನೂ ಮರೆತು ನಿಲ್ಲುವುದನ್ನು ಅವಳು ನೋಡಿದ್ದಳು.

ಕೊನೆಯ ಶಿಬಿರ ಅಣ್ಣ ಸತ್ತ ಮಾವಳ್ಳಿಯಲ್ಲೇ ಬಂತು. ಕೊಯ್ದು ಖಾಲಿಯಾದ ಗದ್ದೆಯಲ್ಲಿ ಸ್ಟ್ಯಾಂಡು ನೆಟ್ಟು ಮಕ್ಕಳನ್ನು ಹಗ್ಗದ ಆಚೆ ನಿಲ್ಲಿಸಿದರು. ಸಂಸ್ಥೆಯ ನಾಗಭೂಷಣ ಸರ್ ರಾಕೆಟ್ ಹಾರಿಸುವ ಗುಂಡಿಯನ್ನು ಧನ್ಯಾಳ ಕೈಗೆ ಕೊಟ್ಟಿದ್ದರು. ಐದು ರಾಕೆಟ್ ಸರಿಯಾಗಿ ಹೋದವು. ಆರನೆಯದಕ್ಕೆ ಗುಂಡಿ ಒತ್ತಿದಳು, ಏನೂ ಆಗಲಿಲ್ಲ. ಮಕ್ಕಳು "ಹೋ" ಎಂದರು. ಅವಳು ತಂತಿಯ ಸಂಪರ್ಕ ತೆಗೆದು, ಕೈಗಡಿಯಾರ ನೋಡುತ್ತ ನಿಂತಳು.

"ಹೋಗ್ಬೇಡ! ಧನ್ಯಾ, ಹತ್ರ ಹೋಗ್ಬೇಡ!"

ಗದ್ದೆಯ ಅಂಚಿನಲ್ಲಿ ಅಪ್ಪ ಎಡವುತ್ತ ಓಡಿ ಬರುತ್ತಿದ್ದ. ಯಾವಾಗ ಬಂದಿದ್ದನೋ, ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಹೋಗೂದಿಲ್ಲ ಅಪ್ಪ. ಹತ್ತದೇ ಇದ್ರೆ ಕಾಯ್ಬೇಕು ಅಂತ ನಿಯಮ."

"ಎಷ್ಟು ಹೊತ್ತು?"

"ಒಂದು ನಿಮಿಷ ಆದ್ರೂ."

ಅವನು ಗದ್ದೆಯ ಬದುವಿನ ಮೇಲೆ ಕುಳಿತ. ನಾಗಭೂಷಣ ಸರ್ ರಾಕೆಟ್ ಇಳಿಸಿ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುವ ತನಕವೂ ಅವನು ಏಳಲಿಲ್ಲ. ಧನ್ಯಾ ಪಕ್ಕದಲ್ಲಿ ಕುಳಿತು ನೀರಿನ ಬಾಟಲಿ ಕೊಟ್ಟಳು. ಅವನು ಕುಡಿಯಲಿಲ್ಲ.

"ನಿನ್ನಣ್ಣ ತಾನಾಗಿ ಹೋದ್ದಲ್ಲ" ಎಂದ. "ದಿಬ್ಬಣ ಬಂದಾಗಿತ್ತು. ಸದ್ದು ಎಲ್ಲಿ, ಸದ್ದು ಎಲ್ಲಿ ಅಂತ ಎಲ್ಲ ಕೂಗ್ತಿದ್ರು. ಹೋಗಿ ನೋಡು ಅಂತ ನಾನೇ ಕಳ್ಸಿದೆ. ಈಗ ಬೇಡ ಅಪ್ಪ ಅಂದಿದ್ದ. ಎಂತ ಹೆದ್ರಿಕೆ ನಿಂಗೆ ಅಂದೆ. ನಾನೇ ಅಂದೆ."

ಫೋಟೋದ ಮುಂದೆ ಅಮ್ಮ ಬೈಯುವುದು ಧನ್ಯಾಳ ಕಿವಿಯಲ್ಲಿ ಕೇಳಿದಂತಾಯಿತು. "ಅಮ್ಮನಿಗೆ ಹೇಳ್ಬೇಕು ಅಪ್ಪ" ಎಂದಳು. ಅವನು ತಲೆಯಾಡಿಸಿದ.

ಅಂದೇ ಸಂಜೆ ಅವನು ಹೇಳಿದ. ಮಾದೇವಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಕೊನೆಯವರೆಗೂ ಕೇಳಿದಳು. ಕೂಗಲಿಲ್ಲ.

"ಹನ್ನೊಂದು ವರ್ಷ" ಎಂದಳು. "ಹನ್ನೊಂದು ವರ್ಷ ನನ್ನ ಬಾಯಲ್ಲಿ ಅವನನ್ನ ಬೈಸಿದ್ರಲ್ಲ."

ಮರುದಿನ ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊನ್ನಾವರದ ತಮ್ಮನ ಮನೆಗೆ ಹೊರಟುಹೋದಳು. ಧನ್ಯಾ ಬಸ್ ಸ್ಟ್ಯಾಂಡಿನ ತನಕ ಹೋದಳು. ಬಸ್ಸು ಹೊರಟಾಗ ಅಮ್ಮ ತಿರುಗಿ ನೋಡಲಿಲ್ಲ. ತಾನು ಈ ಕೆಲಸಕ್ಕೆ ಸೇರದಿದ್ದರೆ ಆ ಮಾತು ಅಪ್ಪನ ಹೊಟ್ಟೆಯಲ್ಲೇ ಉಳಿಯುತ್ತಿತ್ತು, ಅಮ್ಮ ಮನೆಯಲ್ಲೇ ಇರುತ್ತಿದ್ದಳು ಎಂದು ಧನ್ಯಾ ಆ ತಿಂಗಳೆಲ್ಲ ಅಂದುಕೊಂಡಳು. ಹಾಗೆ ಉಳಿದಿದ್ದರೆ ಒಳ್ಳೆಯದಿತ್ತೇ ಎಂದೂ ಕೇಳಿಕೊಂಡಳು. ಬರುವ ಬೇಸಿಗೆಗೂ ಬಾ ಎಂದು ನಾಗಭೂಷಣ ಸರ್ ಫೋನು ಮಾಡಿದರು. ಬರುತ್ತೇನೆ ಎಂದಳು.

ಮಳೆ ಹಿಡಿದು ಭತ್ತದ ಸಸಿಯ ನೆಟ್ಟಿ ಶುರುವಾದಾಗ ಮಾದೇವಿ ಮರಳಿ ಬಂದಳು. ಗದ್ದೆಗೆ ಇಳಿದಳು, ಅಡುಗೆ ಮಾಡಿದಳು, ಗಂಡನೊಡನೆ ಮಾತ್ರ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಧನ್ಯಾಳ ಬಾಯಲ್ಲಿ ಹೇಳಿಸುತ್ತಿದ್ದಳು. ಜುಲೈ ಕೊನೆಗೆ ಮಾಬ್ಲೇಶ್ವರನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ. ನಾಲ್ಕನೆಯ ದಿನ ಮಧ್ಯಾಹ್ನ ಧನ್ಯಾ ಕಾಲೇಜಿನಿಂದ ಬೇಗ ಬಂದಳು. ಬಾಗಿಲಲ್ಲಿ ಕೊಡೆ ಮಡಚುವಾಗ ಒಳಗಿನಿಂದ ಅಮ್ಮನ ದನಿ ಕೇಳಿತು.

"ಗಂಜಿ ಆರ್ತದೆ."

ಅಪ್ಪ ಎದ್ದು ಕುಳಿತು ಬಟ್ಟಲು ಹಿಡಿದಿದ್ದ. ಅಳುತ್ತಿದ್ದ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವನನ್ನು ಸಮಾಧಾನ ಮಾಡಲಿಲ್ಲ, ಅಲ್ಲಿಂದ ಎದ್ದೂ ಹೋಗಲಿಲ್ಲ. ಧನ್ಯಾ ಒಳಗೆ ಕಾಲಿಡದೆ ಜಗಲಿಯಲ್ಲೇ ಕುಳಿತಳು.