ವಿಭೂತಿ ಹಚ್ಚಿದ ಫ್ಲಾಪಿ

ನಮ್ಮ ಅಕ್ಕಿ ಗಿರಣಿಯ ಆಫೀಸಿನಲ್ಲಿ ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ ಇದೆ. ಸಾವಂತ್ರಮ್ಮನನ್ನು ಬಿಟ್ಟು ಬೇರೆ ಯಾರೂ ಅದರಲ್ಲಿ ಕೂತವರಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ಹದಿನಾಲ್ಕು ದಿನ ಅದು ಖಾಲಿ ಬಿತ್ತು. ಖಾಲಿ ಬಿದ್ದದ್ದು ನನ್ನ ಬಾಯಿಯಿಂದ. ಆ ಮಾತು ಬರೆಯಬೇಕಾದರೆ ಮೊದಲು ಆಕೆಯ ಮಾತು ಬರೆಯಬೇಕು.

ಸಾವಂತ್ರಮ್ಮ ಕುರುಗೋಡಿನವಳು. ತಂದೆ ಅಲ್ಲಿ ಎತ್ತಿನ ಗಾಡಿಯ ಗಾಲಿ ಮಾಡುವವನು. ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ಟೈಪಿಂಗ್ ಕಲಿಸಿದ. ಅಲ್ಲಿಯ ಶಾಬುದ್ದೀನ್ ಮಾಸ್ತರು ಕಲಿಯುವವರ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರಂತೆ. ಕಣ್ಣು ಕಾಗದದ ಮೇಲಿರಬೇಕು, ಬೆರಳು ತಮ್ಮ ದಾರಿ ತಾವೇ ಹಿಡಿಯಬೇಕು. ಹಾಗೆ ಕಲಿತ ಕೈ. ಅರವತ್ತೆಂಟರಲ್ಲಿ ಸಿರುಗುಪ್ಪದ ನಮ್ಮ ಗಿರಣಿಗೆ ಬಂದಳು. ಮದುವೆ ಆಗಲಿಲ್ಲ. ಯಾಕೆಂದು ನಾವು ಕೇಳಲಿಲ್ಲ, ಆಕೆ ಹೇಳಲಿಲ್ಲ. ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಶನಿವಾರ ಸಂಜೆಯ ಬಸ್ಸಿಗೆ ಕುರುಗೋಡಿನ ಅಣ್ಣನ ಮನೆಗೆ ಹೋಗಿಬರುತ್ತಿದ್ದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿ ಸಹಿ ಬರುತ್ತದೆ, ಲಾರಿಯ ನಂಬರು ಓದಲು ಬರುತ್ತದೆ, ಅಷ್ಟೇ. ಗಿರಣಿಯ ಕಾಗದಪತ್ರವೆಲ್ಲ ನಾನು ಬಾಯಲ್ಲಿ ಹೇಳುವುದು, ಆಕೆ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಗೋಣಿಚೀಲ ಕಳಿಸದ ವ್ಯಾಪಾರಿಗೆ, "ಆ ಸುಳ್ಳ ನನ್ಮಗಗ ಬರಿ, ಸೋಮವಾರದೊಳಗ ಚೀಲ ಬರಲಿಲ್ಲಂದ್ರ ಅಂಗಡಿ ಮುಂದ ಬಂದು ಕುಂದರ್ತೀನಿ ಅಂತ ಬರಿ" ಎಂದರೆ ಆಕೆ ತಲೆಯಾಡಿಸಿ ಟಪಟಪ ಹೊಡೆಯುತ್ತಿದ್ದಳು. ಅಲ್ಲಿ ಏನು ಬೀಳುತ್ತಿತ್ತೋ ನನಗೆ ಗೊತ್ತಿಲ್ಲ. ಚೀಲ ಮಾತ್ರ ಬರುತ್ತಿತ್ತು, ಜೊತೆಗೆ ಒಂದು ನಮಸ್ಕಾರದ ಕಾಗದವೂ ಬರುತ್ತಿತ್ತು.

ದೇಶನೂರಿನ ಗಿರಣಿಯವನೊಬ್ಬ ಕಂಪ್ಯೂಟರ್ ತಂದನೆಂದು ಕೇಳಿದ ವಾರವೇ ನಾನು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ಒಂದಕ್ಕೆ ಹೇಳಿ ಬಂದೆ. ಅದು ಯಾತಕ್ಕೆ ಬೇಕೆಂದು ಯಾರಾದರೂ ಕೇಳಿದ್ದರೆ ಅವರ ಮೇಲೆಯೇ ಹಾಯುತ್ತಿದ್ದೆ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ಒಂದು ಬುಧವಾರ ಆ ಕಂಪ್ಯೂಟರ್ ಅಂಗಡಿಯ ಚಿದಾನಂದಪ್ಪ ಜೀಪಿನಲ್ಲಿ ಮೂರು ಡಬ್ಬಿ ಹೇರಿಕೊಂಡು ಬಂದ. ಟೈಪ್ ಮಷೀನು ಬೀರುವಿನ ಮೇಲೆ ಹೋಯಿತು. ಅದರ ಜಾಗದಲ್ಲಿ ಟಿವಿಯಂಥ ಒಂದು ಪೆಟ್ಟಿಗೆ, ಅದರ ಕೆಳಗೆ ಇನ್ನೊಂದು ಪೆಟ್ಟಿಗೆ, ಮುಂದೆ ಅಕ್ಷರಗಳ ಹಲಗೆ, ಪಕ್ಕದಲ್ಲಿ ಕಾಗದ ಹೊಡೆಯುವ ಪ್ರಿಂಟರ್. ಗಿರಣಿಯ ತೌಡಿನ ಧೂಳು ಇದಕ್ಕೆ ಆಗದು ಎಂದು ಕಿಟಕಿ ಮುಚ್ಚಿಸಿ ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಿಸಿದ. ಚಪ್ಪಲಿ ಹೊರಗೆ ಬಿಡಿಸಿದ.

"ಏನ್ರೀ ಇದು, ಗುಡಿ ಮಾಡಿಬಿಟ್ರಲ್ಲ!" ಎಂದ ಜಡೆಪ್ಪ. ಅವನು ನಮ್ಮ ಗಿರಣಿಯ ಫಿಟ್ಟರ್.

ಯಂತ್ರದ ಜೀವವೆಲ್ಲ ಇರುವುದು ಫ್ಲಾಪಿಯಲ್ಲಿ ಎಂದು ಚಿದಾನಂದಪ್ಪ ತೋರಿಸಿದ. ಅಂಗೈಗಿಂತ ದೊಡ್ಡದಾದ, ತೆಳ್ಳಗಿನ ಕಪ್ಪು ಚೌಕ. ನಡುವೆ ಒಂದು ಉದ್ದನೆಯ ಕಿಂಡಿ. ಅದನ್ನು ಪೆಟ್ಟಿಗೆಯ ಬಾಯಿಗೆ ಹಾಕದಿದ್ದರೆ ಯಂತ್ರ ಏಳುವುದೇ ಇಲ್ಲ. ಅವನು ಒತ್ತಿದ್ದನ್ನೆಲ್ಲ ಸಾವಂತ್ರಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ಹೋಗುವ ಮುಂಚೆ ಅವನು ಆಕೆಯ ಕೈಯಿಂದಲೇ ಫ್ಲಾಪಿಗಳಿಗೆ ಒಂದೊಂದು ನಕಲು ಮಾಡಿಸಿದ. ಆಕೆ ನಕಲನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು.

ನಮ್ಮಲ್ಲಿ ಹೊಸ ಯಂತ್ರ ಯಾವುದೇ ಬರಲಿ, ಮೊದಲ ಸೋಮವಾರ ಅದಕ್ಕೆ ಮೂರು ಬೆರಳಿನ ವಿಭೂತಿ ಬೀಳಬೇಕು. ಮೋಟರಿಗೂ ಬಿದ್ದಿದೆ, ಬೆಲ್ಟಿಗೂ ಬಿದ್ದಿದೆ, ತೂಕದ ಕಲ್ಲಿಗೂ ಬಿದ್ದಿದೆ. ಅದು ಬೀಳದೆ ಜಡೆಪ್ಪ ಸ್ವಿಚ್ಚಿಗೆ ಕೈ ಹಚ್ಚುವವನಲ್ಲ. ಆ ಸೋಮವಾರ ಸಾವಂತ್ರಮ್ಮ ಬರುವ ಮೊದಲೇ ನಾನು ಸ್ನಾನ ಮಾಡಿ ಬಂದು ವಿಭೂತಿ ಕಲಸಿ ಪೆಟ್ಟಿಗೆಗೆ, ಹಲಗೆಗೆ, ಪ್ರಿಂಟರಿಗೆ ಎಳೆದೆ. ಜೀವ ಇರುವುದು ಫ್ಲಾಪಿಯಲ್ಲಿ ಎಂದಿದ್ದನಲ್ಲ, ಅವಕ್ಕೆ ಇನ್ನೂ ದಪ್ಪಗೆ, ಕಿಂಡಿಯ ಮೇಲೆ ಹಾಯುವಂತೆ ಎಳೆದು ಕಾಯಿ ಒಡೆದೆ.

ಸಾವಂತ್ರಮ್ಮ ಬಂದು ಚಾಲೂ ಮಾಡಿದರೆ ಯಂತ್ರ ಕರಕರ ಎಂದು ನಿಂತಿತು. ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್.

"ಏನಂತೈತಿ?" ಎಂದೆ.

"ಫ್ಲಾಪಿ ಓದಾಕ ಆಗವಲ್ದು ಅಂತೈತ್ರಿ."

"ಓದಾಕ ಆಗದಿರೋದು ಅದಕ್ಕೋ, ನಿನಗೋ?"

ಬಾಗಿಲಲ್ಲಿ ಪ್ರಸಾದಕ್ಕೆಂದು ಬಂದ ಏಳೆಂಟು ಹಮಾಲರು ನಿಂತಿದ್ದರು. ನಾನು ನಿಲ್ಲಿಸಲಿಲ್ಲ. "ಐದು ದಿನ ಆತು, ಒಂದು ಅಕ್ಷರ ಹೊರಗ ಬಂದಿಲ್ಲ. ಬರೋ ಶನಿವಾರದೊಳಗ ಇದರಾಗಿಂದ ಒಂದು ಕಾಗದ ಬರಬೇಕು. ಇಲ್ಲಂದ್ರ ಆ ಕುರ್ಚಿಗೆ ಬಳ್ಳಾರಿಯಿಂದ ಬ್ಯಾರೆಯವರು ಬರ್ತಾರ, ತಿಳೀತಿಲ್ಲ?"

ಆಕೆ ಫ್ಲಾಪಿ ಹೊರಗೆ ಎಳೆದು ಬೆಳಕಿಗೆ ಹಿಡಿದಳು. ಕಿಂಡಿಯೊಳಗೆ ಬೂದಿ ಗಟ್ಟಿಯಾಗಿ ಅಂಟಿತ್ತು. ಬಿಸ್ಕತ್ತಿನ ಡಬ್ಬಿ ತೆಗೆದು ನಕಲು ಹಾಕಿದಳು. ಯಂತ್ರ ಎದ್ದು ಕೂತಿತು.

"ಸಾವ್ಕಾರ್ರ, ಇದಕ್ಕ ವಿಭೂತಿ ಆಗಿಬರಂಗಿಲ್ರಿ. ನಿಮ್ಮ ಹಣಿಗೆ ಛಂದ."

ಜಡೆಪ್ಪ ಕಿಸಕ್ಕೆಂದ. ತಪ್ಪು ನನ್ನದೆಂದು ಅಲ್ಲೇ ಅಂದುಬಿಟ್ಟಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಾನು ಅಂದದ್ದು, "ಶನಿವಾರ ಅಂದ್ರ ಶನಿವಾರ!"

ಶನಿವಾರ ಮಧ್ಯಾಹ್ನ ಪ್ರಿಂಟರ್ ಕಿರ್ರೆಂದು ಓಡಿತು. ಆಕೆ ಕಾಗದದ ಅಂಚಿನ ತೂತಿನ ಪಟ್ಟಿ ಹರಿದು ನನ್ನ ಕೈಗೆ ಕೊಟ್ಟಳು. ಅಕ್ಷರಗಳು ಸಾಲು ಹಿಡಿದು ನಿಂತಿದ್ದವು.

"ಮುಗೀತೇನು?" ಎಂದೆ.

"ಮುಗೀತ್ರಿ" ಎಂದಳು. ಹಲಗೆ ಒರೆಸಿ, ಯಂತ್ರಕ್ಕೆ ಹೊದಿಕೆ ಹಾಕಿ, ಅದರ ಮೇಲೆ ನೋಟ್‌ಬುಕ್ ಇಟ್ಟು ಕುರುಗೋಡಿನ ಬಸ್ಸಿಗೆ ಹೋದಳು.

ನನಗೆ ಹಿಗ್ಗೋ ಹಿಗ್ಗು. ಕಾಗದವನ್ನು ದೇವರ ಫೋಟೋದ ಮುಂದೆ ಇಟ್ಟು, ಮೂಲೆಗೆ ಒಂದು ಚೂರು ವಿಭೂತಿಯನ್ನೂ ಹಚ್ಚಿದೆ. ಚಹಾದವನಿಂದ ಹಿಡಿದು ಲಾರಿ ಡ್ರೈವರನವರೆಗೆ ಎಲ್ಲರಿಗೂ ತೋರಿಸಿದೆ. ಸೋಮವಾರ ಸಾವಂತ್ರಮ್ಮ ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ಮಂಗಳವಾರವೂ ಬರಲಿಲ್ಲ. ಬುಧವಾರ ಚಿದಾನಂದಪ್ಪ ಯಂತ್ರ ನೋಡಲು ಬಂದ. ಅವನಿಗೂ ಕಾಗದ ಕೊಟ್ಟೆ. ಓದಿ ನನ್ನ ಮುಖ ನೋಡಿದ.

"ಇದನ್ನ ದೇವರ ಮುಂದ ಯಾಕ ಇಟ್ಟೀರಿ?"

"ನಮ್ಮ ಯಂತ್ರದ ಮೊದಲನೇ ಕಾಗದಪ್ಪ."

"ಸಾವ್ಕಾರ್ರ, ಇದು ಆಯಮ್ಮಂದು ರಾಜೀನಾಮೆ."

ಅವನಿಂದ ಕನ್ನಡದಲ್ಲಿ ಹೇಳಿಸಿಕೊಂಡೆ. ಹತ್ತೊಂಬತ್ತು ವರ್ಷ ಕೆಲಸ ಕೊಟ್ಟದ್ದಕ್ಕೆ ವಂದನೆ. ಯಂತ್ರ ಸುಸ್ಥಿತಿಯಲ್ಲಿದೆ. ಹೊಸಬರಿಗೆ ಬೇಕಾದ್ದೆಲ್ಲ ನೋಟ್‌ಬುಕ್ಕಿನಲ್ಲಿದೆ. ಅಷ್ಟೇ. ಒಂದು ಬಿರುಸು ಮಾತಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರನೆಯ ದಿನ ಕುರುಗೋಡಿಗೆ ಹೋದೆ. ಸಾವಂತ್ರಮ್ಮ ಅಣ್ಣನ ಮನೆಯ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಬರ್ರಿ ಸಾವ್ಕಾರ್ರ, ಕುಂದರ್ರಿ. ಕಾಗದ ಓದಿಸಿದ್ರೇನು?"

"ನಿನ್ನಿ ಓದಿಸಿದೆ."

"ನಾಕು ದಿನ ಬೇಕಾತೇನ್ರಿ?"

"ದೇವರ ಮುಂದ ಇಟ್ಟಿದ್ದೆ."

ಆಕೆಗೆ ನಗು ತಡೆಯಲಾಗಲಿಲ್ಲ. ಒಳಗಿಂದ ನೀರು ತರಲು ಎದ್ದು ಹೋದಳು. ಬಂದಾಗ ನಗು ಇರಲಿಲ್ಲ.

"ಸೋಮವಾರದಿಂದ ಬಾ" ಎಂದೆ. "ಏನೋ ಬಾಯಿಗೆ ಬಂದಿದ್ದು ಅಂದೆ."

"ಹತ್ತೊಂಬತ್ತು ವರ್ಷ ನಿಮ್ಮ ಬಾಯಿಗೆ ಬಂದಿದ್ದನ್ನ ನಾನು ತಿದ್ದಿ ತಿದ್ದಿ ಮಂದಿಗೆ ಕಳಿಸೀನ್ರಿ. ನನಗ ಅಂದಿದ್ದನ್ನ ಯಾರು ತಿದ್ದಬೇಕು?"

ನೀರಿನ ಲೋಟ ಕೆಳಗಿಟ್ಟೆ. "ಏನು ಮಾಡ್ಲಿ ಹೇಳು."

"ಆ ಯಂತ್ರದಾಗ ನೀವೇ ಕುಂತು ಒಂದು ಕಾಗದ ಬರೀರಿ. ಚಿದಾನಂದಪ್ಪನ ಕೈ ಹಚ್ಚಿಸಿದ್ರ ನನಗ ಗೊತ್ತಾಕ್ಕೈತಿ, ಮತ್ತ."

"ನನಗ ಇಂಗ್ಲಿಷ್ ಎಲ್ಲಿ ಬರತೈತಿ?"

"ಲಾರಿ ನಂಬರ್ ಓದ್ತೀರಲ್ಲ. ಆ ಅಕ್ಷರದಾಗ ಕನ್ನಡ ಬರೀರಿ. ಬಂದ್ರ ನಾನೂ ಬರ್ತೀನಿ."

ಶುಕ್ರವಾರ ಬೆಳಿಗ್ಗೆ ಯಂತ್ರದ ಹೊದಿಕೆ ತೆಗೆದೆ. ಆಕೆಯ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ತೂಕದ ಮನೆಯಿಂದ ಸ್ಟೂಲು ತರಿಸಿ ನೋಟ್‌ಬುಕ್ ಬಿಚ್ಚಿದೆ. ಚಪ್ಪಲಿ ಹೊರಗೆ. ಸ್ಟೆಬಿಲೈಜರಿನ ಮುಳ್ಳು ಇನ್ನೂರಿಪ್ಪತ್ತು ವೋಲ್ಟಿನ ಹತ್ತಿರ ನಿಲ್ಲುವ ತನಕ ಕಾಯುವುದು. 'ಕಾಯುವುದು' ಎಂಬುದರ ಕೆಳಗೆ ಎರಡು ಗೆರೆ. ಫ್ಲಾಪಿಯನ್ನು ಮೂಲೆಯಲ್ಲಿ ಹಿಡಿಯುವುದು, ಕಿಂಡಿ ಮುಟ್ಟಬಾರದು. ಕೆಂಪು ದೀಪ ಆರುವ ತನಕ ಕೈ ಮಡಿಲಲ್ಲಿ. ಎರಡನೇ ಪುಟದ ಕೊನೆಗೆ ಹೀಗಿತ್ತು: ಬೈದರೆ ಇದಕ್ಕೆ ಕೇಳಿಸುವುದಿಲ್ಲ.

ಅದನ್ನು ಮೊದಲೇ ಓದಿದ್ದರೆ ಚೆನ್ನಾಗಿತ್ತು. ಆಕೆಯ ಹೆಸರಿನ ಮೊದಲ ಅಕ್ಷರ ಹುಡುಕಿ, ಬೆಲ್ಟಿನ ಹಿಡಿಕೆ ಒತ್ತಿದಂತೆ ಒತ್ತಿ ಹಿಡಿದೆ. ಪರದೆಯ ತುಂಬ ಅದೇ ಅಕ್ಷರ ಇರುವೆ ಸಾಲಿನಂತೆ ಹರಿಯಿತು. ಅದನ್ನು ಬೈದೆ, ಜಡೆಪ್ಪನನ್ನು ಬೈದೆ. ಅವನು ಬಾಗಿಲ ಹೊರಗಿನಿಂದಲೇ, "ನಾನೇನು ಮಾಡಿದೆನ್ರೀ, ಚಪ್ಪಲಿ ಬಿಟ್ಟು ಸುಮ್ಮನ ನಿಂತೀನಿ" ಎಂದ. ಮೂರನೇ ದಿನ ಎರಡು ಸಾಲು ಮುಗಿಸಿದಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ ಒಂದು ಸಾಲೂ ಇಲ್ಲ. ಪ್ರತಿ ಸಾಲಿಗೂ ಬರೆದದ್ದನ್ನು ಫ್ಲಾಪಿಗೆ ಇಳಿಸಬೇಕೆಂದು ಏಳನೇ ಪುಟದಲ್ಲಿತ್ತು, ನಾನು ಐದರಲ್ಲಿದ್ದೆ. ಅವತ್ತು ಯಾಕೋ ಸಿಟ್ಟು ಬರಲಿಲ್ಲ. ಮೊದಲಿಂದ ಶುರು ಮಾಡಿದೆ.

ಗುರುವಾರ ಕಾಗದ ಹೊರಗೆ ಬಂತು. ಆರು ದಿನ ಒಂದೇ ಬೆರಳಲ್ಲಿ ಹುಡುಕಿ ಹೊಡೆಯುವವನಿಗೆ ಹೆಚ್ಚಿನ ಮಾತು ತಾನೇ ಉದುರಿಹೋಗುತ್ತದೆ. ಉಳಿದದ್ದು ಇಷ್ಟು: ಸಾವಂತ್ರಮ್ಮ, ವಿಭೂತಿ ಹಚ್ಚಿದವನು ನಾನು. ತಪ್ಪು ನಂದು. ಎಲ್ಲರ ಮುಂದ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ಕುರ್ಚಿ ನಿಮ್ಮದು. ಬರ್ರಿ. ಮರಿಬಸಪ್ಪ.

ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆ. ಹಾಕುವ ಮೊದಲು ಅದನ್ನು ಹಮಾಲರ ಮುಂದೆ ಓದಿದ್ದೆ. ಅವರ ಮುಂದೆ ತಾನೇ ಅಂದದ್ದು.

ಸೋಮವಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಸಾವಂತ್ರಮ್ಮ ಒಳಗೆ ಬಂದು ಗೋಣಿಚೀಲ ಒಣಗಿದೆಯೆಂದು ಮೊದಲು ಅದಕ್ಕೆ ನೀರು ಚಿಮುಕಿಸಿದಳು. ಆಮೇಲೆ ಚೀಲದಿಂದ ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮೂರು ಕಡೆ ಕೆಂಪು ಶಾಯಿಯ ಗುರುತು.

"ಅಕ್ಷರ ತಪ್ಪ್ಯಾವ್ರಿ. ಮಾತು ತಿದ್ದಿಲ್ಲ. ಸರಿ ಮಾಡಿ ಇನ್ನೊಂದು ತೆಗೀರಿ, ಇಟ್ಕೊಂತೀನಿ."

"ಬಂದೀರಲ್ಲ, ಇನ್ಯಾತಕ್ಕ ಅದು!" ನನ್ನ ದನಿ ಏರಿತು. ಹೊರಗೆ ಜಡೆಪ್ಪ ಹೋಗುತ್ತಿದ್ದವನು ನಿಂತ.

ಆಕೆ ಬೆತ್ತದ ಕುರ್ಚಿಯ ಧೂಳು ಸೆರಗಿನಿಂದ ಕೊಡವಿ ಕೂತಳು. ನಾನು ಸ್ಟೂಲು ಎಳೆದುಕೊಂಡು, ಫ್ಲಾಪಿಯನ್ನು ಮೂಲೆಯಲ್ಲಿ ಹಿಡಿದು ಒಳಗೆ ಹಾಕಿದೆ. ಕೆಂಪು ದೀಪ ಆರುವ ತನಕ ಇಬ್ಬರೂ ಸುಮ್ಮನೆ ಕಾದೆವು.